ಕಾಲುಂಗುರ ತೊಟ್ಟು ಕೆರೆಗಿಳಿದದ್ದು

ಮೀನಿನ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಬಂದವರು ಮೊದಲು ಕೇಳುವುದು ಬಡ್ತಿಯ ವಿಚಾರ. ನನಗೆ ಸಿಕ್ಕ ಬಡ್ತಿಗಳ ಕಥೆ ಹೇಳಿದರೆ ಅವರು ಮಾರನೇ ದಿನವೇ ರಾಜೀನಾಮೆ ಬರೆದುಕೊಟ್ಟಾರು. ಆದ್ದರಿಂದ ಆ ಮಾತನ್ನು ಹಾರಿಸಿ ಕಾಫಿ ಕೊಡುತ್ತೇನೆ. ಕಾಫಿ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು, ನಾಚಿಕೊಂಡು, ನಿಜವಾದ ಪ್ರಶ್ನೆ ಕೇಳುತ್ತಾರೆ: "ಸಾರ್, ಕೆರೆಗೆ ಇಳಿದರೆ ಮೀನು ಕಚ್ಚುತ್ತಾ?"

ಕಚ್ಚುತ್ತದೆ. ನನಗೇ ಕಚ್ಚಿದೆ, ಅದೂ ಒಂದು ಊರಿಗೆ ಊರೇ ನೋಡುತ್ತಿದ್ದಾಗ, ಕಾಲಿಗೆ ಹೆಂಗಸರ ಕಾಲುಂಗುರ ಹಾಕಿಕೊಂಡು ಕೂತಿದ್ದಾಗ. ನಗುವವರು ನಗಲಿ. ಆ ಕೆರೆಯಲ್ಲಿ ಕಚ್ಚಿದ್ದು ಮೀನೋ ದೇವರೋ ಎಂಬುದರ ಮೇಲೆ ಒಬ್ಬ ಹೊಸ ಸೊಸೆ ಗಂಡನ ಮನೆಯಲ್ಲಿ ಉಳಿಯುತ್ತಾಳೋ ತವರಿಗೆ ವಾಪಸಾಗುತ್ತಾಳೋ ಎಂಬುದು ನಿಂತಿತ್ತು. ಆ ಕಥೆಗೆ ಬರುವ ಮೊದಲು ಕೆಲಸ ಹೇಗಿತ್ತೆಂದು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈಗಿನವರಿಗೆ ನಂಬಿಕೆ ಬರುವುದಿಲ್ಲ.

ಐವತ್ತರ ದಶಕ ಆಗ ಅರ್ಧ ದಾರಿಗೆ ಬರುತ್ತಿತ್ತು. ಚಾಮರಾಜನಗರದಲ್ಲಿ ಒಂದೇ ಕೋಣೆಯ ಕಚೇರಿ, ಒಂದು ಸೈಕಲ್ಲು, ಒಂದು ಬೀಸುಬಲೆ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಮಣ್ಣಿನ ಮಡಕೆಗಳು. ದಾರಿಹೋಕರು ಕುಂಬಾರರ ಅಂಗಡಿ ಎಂದುಕೊಂಡು ಒಳಗೆ ಬಂದು ಮಡಕೆಯನ್ನು ಬೆರಳಲ್ಲಿ ಬಡಿದು ನೋಡಿದ್ದೂ ಉಂಟು. ಗುಂಡ್ಲುಪೇಟೆ ಕಡೆಯ ಕೆರೆಗಳೂ ನನ್ನ ಪಾಲಿಗೇ ಇದ್ದವು. ಕೆರೆಗಳಿಗೆ ಮೀನಿನ ಮರಿ ಬಿಡುವುದು, ಬೆಳೆದವೋ ಸತ್ತವೋ ನೋಡುವುದು, ಸತ್ತಿದ್ದರೆ ಯಾಕೆ ಎಂದು ಮೇಲಿನವರಿಗೆ ಸಮಾಧಾನ ಹೇಳುವುದು, ಇಷ್ಟೇ ಕೆಲಸ. ನನ್ನ ಹುದ್ದೆಗೆ ಇನ್ಸ್‌ಪೆಕ್ಟರ್ ಎಂಬ ಬಾಲ ಇತ್ತು. ಹಳ್ಳಿಗೆ ಹೋದರೆ ಅರ್ಧ ಜನ ಪೊಲೀಸಿನವನೆಂದು ಹಿತ್ತಲ ಬಾಗಿಲಿಂದ ಓಡುತ್ತಿದ್ದರು, ಉಳಿದರ್ಧ ಚುಚ್ಚುಮದ್ದಿನವನೆಂದು ಮಕ್ಕಳನ್ನು ಅಟ್ಟ ಹತ್ತಿಸುತ್ತಿದ್ದರು. ಮೀನಿನವನೆಂದು ತಿಳಿದ ಮೇಲೆ ಎಲ್ಲರೂ ಇಳಿದು ಬಂದು ಮನಸಾರೆ ನಗುತ್ತಿದ್ದರು.

ಈಗ ಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮ್ಲಜನಕ ತುಂಬಿ, ರಬ್ಬರು ಬಿಗಿದು ಕಳಿಸುತ್ತಾರೆ. ನಮಗೆ ಮಡಕೆಯೇ ಗತಿ. ಮೈಸೂರಿನಿಂದ ಬಸ್ಸಿನಲ್ಲಿ ಮರಿ ತುಂಬಿದ ಮಡಕೆ ಇಟ್ಟುಕೊಂಡು ಹೊರಟರೆ ದಾರಿಯುದ್ದಕ್ಕೂ ಕೈಯಲ್ಲಿ ನೀರು ಕದಡುತ್ತಲೇ ಇರಬೇಕು, ನಿಲ್ಲಿಸಿದರೆ ಉಸಿರು ಸಿಗದೆ ಮರಿಗಳು ಬಾಯಿ ಮೇಲೆ ಮಾಡುತ್ತವೆ. ನನಗಿದ್ದದ್ದು ಎರಡೇ ಕೈ. ಹಾಗಾಗಿ ಅಕ್ಕಪಕ್ಕದ ಪ್ರಯಾಣಿಕರಿಗೆಲ್ಲ ಒಂದೊಂದು ಮಡಕೆ ಹಂಚಿ, "ಸ್ವಲ್ಪ ಕದಡ್ತಾ ಇರಿ ಸ್ವಾಮಿ, ಪುಣ್ಯ ಬರುತ್ತೆ" ಎನ್ನುತ್ತಿದ್ದೆ. ಸಂತೆಗೆ ಹೊರಟ ಅಜ್ಜಿಯರು, ಮೇಷ್ಟರು, ಒಮ್ಮೆ ಒಬ್ಬ ಮದುಮಗ ಕೂಡ ನನ್ನ ಇಲಾಖೆಯ ಕೆಲಸ ಮಾಡಿಕೊಟ್ಟಿದ್ದಾರೆ. ಒಂದು ಸಲ ಬಸ್ಸು ತಪ್ಪಿ ಮಡಕೆಗಳನ್ನು ಗುಂಡ್ಲುಪೇಟೆಗೆ ಹೋಗುವ ಈರುಳ್ಳಿ ಲಾರಿಗೆ ಏರಿಸಿದೆ. ಡ್ರೈವರು ಟೀ ಕುಡಿಯಲು ಲಾರಿಯನ್ನು ಉರಿಬಿಸಿಲಲ್ಲಿ ನಿಲ್ಲಿಸಿ, ಟೀ ಜೊತೆಗೆ ಯಾರೊಂದಿಗೋ ಜಗಳವನ್ನೂ ಶುರು ಮಾಡಿದ. ಅವನ ಜಗಳ ಮುಗಿಯುವಷ್ಟರಲ್ಲಿ ಮಡಕೆಯಲ್ಲಿ ಮೀನಿನ ಸಾರಿಗೆ ಉಪ್ಪು ಹುಳಿ ಮಾತ್ರ ಬಾಕಿ ಇತ್ತು.

ಇನ್ನು ಈಜು. ಮೀನಿನ ಕೆಲಸಕ್ಕೆ ಸೇರಿದಾಗ ನನಗೆ ಈಜು ಬರುತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆಮೇಲೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯೊಂದರಲ್ಲಿ ಕಲಿತೆ. ಕಲಿತ ಮೇಲೆ ನನ್ನಷ್ಟು ದೊಡ್ಡ ಈಜುಗಾರ ತಾಲ್ಲೂಕಿನಲ್ಲೇ ಇಲ್ಲ ಎಂದುಕೊಂಡೆ. ಬಾವಿಯಲ್ಲಿ ಈಜುವುದೇ ಬೇರೆ, ಕೆರೆಯಲ್ಲಿ ಈಜುವುದೇ ಬೇರೆ ಎಂದು ತಿಳಿದದ್ದು ಹೊಸ ಮೇಲಧಿಕಾರಿ ಬಂದ ಮೇಲೆ.

ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮಾರನೇ ವರ್ಷ ಕರಾವಳಿ ಕಡೆಯಿಂದ ಸಾಲಿಯಾನರು ನಮ್ಮ ಮೇಲಧಿಕಾರಿಯಾಗಿ ಬಂದರು. ದುಂಡು ಮೈ, ದೊಡ್ಡ ನಗು. ಹುಟ್ಟಿದ್ದು ಸಮುದ್ರದ ದಂಡೆಯಲ್ಲಿ, ಬೆಳೆದದ್ದು ದೋಣಿಯಲ್ಲಿ. ಅಂಥವರನ್ನು ತಂದು ನಮ್ಮ ಬಯಲುಸೀಮೆಯಲ್ಲಿ ಬಿಟ್ಟಿದ್ದರು. ಮೊದಲ ದಿನವೇ ಒಂದು ಕೆರೆಯ ಏರಿ ಮೇಲೆ ನಿಂತು, "ಇದೆಂತದು ಮಾರಾಯ, ಇದಕ್ಕೆ ಅಲೆಯೂ ಇಲ್ಲ, ಉಪ್ಪೂ ಇಲ್ಲ. ಇದರಲ್ಲಿ ಮೀನು ಹೇಗೆ ಮನಸ್ಸಿಟ್ಟು ಬದುಕುತ್ತದೆ?" ಎಂದರು. ಬೈಯುವುದಿದ್ದರೂ ನಗುತ್ತಲೇ ಬೈಯುತ್ತಿದ್ದರು. ನನಗೆ ಸಿಕ್ಕ ಮೇಲಧಿಕಾರಿಗಳಲ್ಲಿ ನಾನು ಇಂದಿಗೂ ಪ್ರೀತಿಯಿಂದ ನೆನೆಯುವುದು ಅವರನ್ನೇ.

ಅವರನ್ನು ಒಂದು ದಿನ ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯ ಕೆರೆ ತೋರಿಸಲು ಕರೆದುಕೊಂಡು ಹೋದೆ. ಊರಿನ ಹೆಸರು ಬೇಡ, ಆ ಮನೆಯ ಮೊಮ್ಮಕ್ಕಳು ಅಲ್ಲೇ ಇದ್ದಾರೆ. ಹಿಂದಿನ ಮಳೆಗಾಲದಲ್ಲಿ ಕೋಡಿ ಬಿದ್ದು ಕೆರೆ ಆ ಚಳಿಗಾಲದಲ್ಲೂ ತುಂಬಿಕೊಂಡಿತ್ತು. ನೀರು ನೋಡಿದ್ದೇ ತಡ, ಸಾಲಿಯಾನರು ಅಂಗಿ ಕಳಚಿ ನನ್ನ ಕೈಗಿಟ್ಟರು. "ಆಳ ಎಷ್ಟಿದೆಯೋ ಗೊತ್ತಿಲ್ಲ ಸಾರ್" ಎಂದೆ. "ನನಗೆ ಆಳ ಹೇಳಬೇಡ, ನಾನು ಅರಬ್ಬಿ ಸಮುದ್ರದವ" ಎಂದು ಏರಿಯಿಂದ ಧುಮುಕಿಯೇ ಬಿಟ್ಟರು.

ಸಮುದ್ರದ ಉಪ್ಪುನೀರು ಮನುಷ್ಯನನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಕೆರೆಯ ಸಿಹಿನೀರು ಅಷ್ಟು ಮರ್ಯಾದೆ ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಸಮುದ್ರದ ತಳದಲ್ಲಿ ಅವರ ಕಡೆ ಮರಳಿರುತ್ತದೆ, ನಮ್ಮ ಕೆರೆಯ ತಳದಲ್ಲಿ ತಲೆತಲಾಂತರದ ಹೂಳು ಇರುತ್ತದೆ. ಸಾಲಿಯಾನರ ಕಾಲು ಮೊಣಕಾಲವರೆಗೆ ಹೂಳಿನಲ್ಲಿ ಹೂತುಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ನೀರಿನ ಬಳ್ಳಿ ತೊಡೆಗೆ ಸುತ್ತಿತು. ತಾಲ್ಲೂಕಿಗೇ ದೊಡ್ಡ ಈಜುಗಾರನಾದ ನಾನು ಏರಿ ಮೇಲೆ ಅವರ ಅಂಗಿ ಹಿಡಿದುಕೊಂಡು ಕೂಗುತ್ತಿದ್ದೆ. ಪುಣ್ಯಕ್ಕೆ ಅಲ್ಲೇ ಎಮ್ಮೆ ಮೈ ತೊಳೆಯುತ್ತಿದ್ದವನೊಬ್ಬ ಎಮ್ಮೆಯನ್ನು ಅವರತ್ತ ಅಟ್ಟಿದ. ಅರಬ್ಬಿ ಸಮುದ್ರದವರು ಎಮ್ಮೆಯ ಬಾಲ ಹಿಡಿದು ದಡಕ್ಕೆ ಬಂದರು.

ದಡದಲ್ಲಿ ಸೇರಿದ್ದ ಜನ ನಗಲಿಲ್ಲ, ಅದೇ ನನಗೆ ವಿಚಿತ್ರವೆನಿಸಿತು. ಒಬ್ಬ ಮುದುಕ ತಲೆಯಾಡಿಸಿ, "ಗಂಗಮ್ಮ ಯಾಕೋ ಈ ವರ್ಸ ಯಾರ್ನೂ ಒಪ್ತಾ ಇಲ್ಲ ಕಣ. ಆ ಹೆಣ್ಣುನ್ನೂ ಒಪ್ನಿಲ್ಲ, ಈಗ ಆಪೀಸರ್ನೂ ಒಪ್ನಿಲ್ಲ" ಎಂದ.

ಒದ್ದೆ ಚಡ್ಡಿಯ ಅಧಿಕಾರಿಯನ್ನು ಹತ್ತಿರದ ಮನೆಯ ಜಗಲಿಯಲ್ಲಿ ಕೂರಿಸಿದೆ. ಅದು ಸಣ್ಣಮ್ಮನ ಮನೆ. ಗಂಡ ಸತ್ತ ಮೇಲೆ ಹೊಲ, ದನ, ಒಬ್ಬನೇ ಮಗ, ಎಲ್ಲವನ್ನೂ ಒಂದೇ ಗಂಟಲಿನಲ್ಲಿ ಆಳಿದ ಹೆಂಗಸು. ಅವಳು ಮಾತಾಡಿದರೆ ಎರಡು ಬೀದಿಗೆ ಕೇಳುತ್ತಿತ್ತು. ಮಗ ನಂಜುಂಡ ತಾಯಿಯ ಮುಂದೆ ತುಟಿ ಪಿಟಕ್ಕೆನ್ನುವವನಲ್ಲ. ಜಗಲಿಯ ಇನ್ನೊಂದು ಮೂಲೆಯಲ್ಲಿ ಒಂದು ಹುಡುಗಿ, ಕಾಲಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅವಳೇ ಆ ಮನೆಯ ಹೊಸ ಸೊಸೆ, ಕುದೇರಿನಿಂದ ಬಂದ ಪುಟ್ಟತಾಯಿ.

ಕಥೆ ಅವಳ ಬಾಯಿಂದಲೇ ತಿಳಿಯಿತು. ಆ ಊರಿನಲ್ಲಿ ಹೊಸ ಸೊಸೆ ಒಲೆ ಮುಟ್ಟುವ ಮೊದಲು ಗಂಗೆ ತರಬೇಕು. ಊರವರ ಮುಂದೆ ಕೆರೆದಂಡೆಯ ಗಂಗಮ್ಮನ ಮೆಟ್ಟಿಲಿಳಿದು, ಮೊಣಕಾಲು ನೀರಿನಲ್ಲಿ ನಿಂತು, ಪುರಿ ಬೆಲ್ಲ ನೀರಿಗೆ ಎರಚಿ, ಹೊಸ ಮಡಕೆ ತುಂಬಿ ತಲೆ ಮೇಲಿಟ್ಟು ಮನೆಗೆ ನಡೆಯಬೇಕು. ಪುಟ್ಟತಾಯಿ ಹಾಗೆ ನಿಂತಿದ್ದಾಗ ನೀರೊಳಗಿಂದ ಏನೋ ಬಂದು ಕಾಲ್ಬೆರಳನ್ನು ಕಚ್ಚಿತು. ಮಡಕೆ ಬಿದ್ದು ಚೂರಾಯಿತು. ಮತ್ತೊಂದು ಒಳ್ಳೆಯ ದಿನ ನೋಡಿ ಇಳಿಸಿದರು, ಮತ್ತೆ ಕಚ್ಚಿತು. ಗಂಗಮ್ಮ ಈ ಹೆಣ್ಣನ್ನು ಒಲ್ಲೆ ಅನ್ನುತ್ತಿದ್ದಾಳೆ ಎಂದು ಊರು ಆಡಿಕೊಂಡಿತು. ಮೂರನೆಯ ಸಲವೂ ಹೀಗೇ ಆದರೆ ಹುಡುಗಿಯನ್ನು ಕುದೇರಿಗೆ ಬಿಟ್ಟುಬರುವುದೆಂದು ಹಿರಿಯರು ತೀರ್ಮಾನಿಸಿದ್ದರು. ಅಲ್ಲಿಯವರೆಗೆ ಅವಳಿಗೆ ಜಗಲಿಯೇ ಮನೆ. ಗಂಗಮ್ಮ ಬೇಡವೆಂದವಳನ್ನು ಬೇರೆ ಯಾರು ಬೇಕೆನ್ನುತ್ತಾರೆ? ತವರಿಗೆ ಹೋದರೆ ಅವಳ ಬದುಕು ಅಲ್ಲಿಗೇ ಮುಗಿದಂತೆ.

ಇಷ್ಟೆಲ್ಲ ಹೇಳುವಾಗ ಅವಳ ಕೈ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ತಲೆಯೆತ್ತಿ ಕೇಳಿದಳು: "ನೀವು ಮೀನ್ನವ್ರಂತಲ್ಲ ಸಾ. ಅದು ದೇವ್ರಾ, ಮೀನಾ, ಯೋಳ್ಬುಡಿ. ದೇವ್ರಾದ್ರ ಓಯ್ತೀನಿ. ಮೀನಾದ್ರ ಸಾರ್ ಮಾಡ್ತೀನಿ."

ಸಾಲಿಯಾನರು ಸಣ್ಣಮ್ಮ ಕೊಟ್ಟಿದ್ದ ಟವೆಲ್ ಹೊದ್ದುಕೊಂಡೇ ಎದ್ದು ಬಂದು ಅವಳ ಗಾಯ ನೋಡಿದರು. ಬೆರಳಿನ ಮೇಲೆ ಸಣ್ಣ ಸಣ್ಣ ಹಲ್ಲಿನ ಸಾಲು, ಒರಟು ಅರದಿಂದ ಉಜ್ಜಿದ ಹಾಗೆ. "ಬಾಳೆ ಮೀನು" ಎಂದರು. ಬಾಯಿ ಕಣ್ಣಿನ ಹಿಂದಿನವರೆಗೂ ಸೀಳಿರುವ, ಮೈಯೆಲ್ಲ ನುಣುಪಾಗಿರುವ, ಆಳೆತ್ತರ ಬೆಳೆಯಬಲ್ಲ ಮೀನು ಅದು. ಕೋಡಿ ಬಿದ್ದಾಗ ಹೊಳೆಯಿಂದ ಹತ್ತಿ ಬಂದು ಕೆರೆ ಸೇರಿಕೊಂಡಿರಬೇಕು. "ಇಂಗ್ಲಿಷಿನವರು ಇದಕ್ಕೆ ಸಿಹಿನೀರಿನ ಶಾರ್ಕ್ ಎಂದೇ ಹೇಳುತ್ತಾರೆ. ನಿಜವಾದ ಶಾರ್ಕ್ ಎಂದರೆ ನಮ್ಮ ಕಡಲಿನ ತಾಟೆ ಮೀನು. ಎರಡಕ್ಕೂ ಸಂಬಂಧ ಇಲ್ಲ, ಆದರೆ ಬುದ್ಧಿ ಒಂದೇ" ಎಂದು ನನ್ನನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದರೂ ಪಾಠ ನಿಲ್ಲಲಿಲ್ಲ.

"ತಾಟೆಗೆ ಮನುಷ್ಯ ರುಚಿ ಅಲ್ಲ ಮಾರಾಯ. ನಮ್ಮಲ್ಲಿ ಎಲುಬೇ ಹೆಚ್ಚು. ಆದರೆ ಕಲಕಿದ ನೀರಿನಲ್ಲಿ ಅದಕ್ಕೆ ನೆಟ್ಟಗೆ ಕಾಣುವುದಿಲ್ಲ. ಏನೋ ಥಳಕ್ ಎಂದು ಹೊಳೆಯಿತು, ಏನೋ ಪಟಪಟ ಒದ್ದಾಡಿತು, ಅದು ಸಣ್ಣ ಮೀನು ಎಂದುಕೊಳ್ಳುತ್ತದೆ. ಮುಟ್ಟಿ ನೋಡಲು ಅದಕ್ಕೆ ಕೈ ಉಂಟಾ? ಬಾಯಲ್ಲೇ ಮುಟ್ಟಿ ನೋಡಬೇಕು. ಕಚ್ಚಿದ ಮೇಲೆ ಇದಲ್ಲ ಎಂದು ಗೊತ್ತಾಗುತ್ತದೆ, ಬಿಟ್ಟು ಹೋಗುತ್ತದೆ. ಹೋಗುವಷ್ಟರಲ್ಲಿ ನಮ್ಮ ಕಾಲಿನ ಕಥೆ ಮುಗಿದಿರುತ್ತದೆ, ಅದು ಬೇರೆ ವಿಷಯ. ನನ್ನ ಅಜ್ಜ ನೀರಿಗೆ ಧುಮುಕುವ ಮೊದಲು ಉಡಿದಾರದ ಬೆಳ್ಳಿ ತಾಯಿತ ಕೂಡ ಬಿಚ್ಚಿಡುತ್ತಿದ್ದರು. ಮೈಯಲ್ಲಿ ಗಾಯ ಇದ್ದರೆ ಇಳಿಯುತ್ತಿರಲಿಲ್ಲ. ಮುಸ್ಸಂಜೆ ಇಳಿಯುತ್ತಿರಲಿಲ್ಲ. ಮೀನಿನ ಕರುಳು ತೊಳೆಯುವ ಜಾಗದ ಹತ್ತಿರಕ್ಕೂ ಹೋಗುತ್ತಿರಲಿಲ್ಲ."

ಅವರ ಮಾತು ಮುಗಿಯುವ ಮೊದಲೇ ನಾವಿಬ್ಬರೂ ಪುಟ್ಟತಾಯಿಯ ಕಾಲನ್ನೇ ನೋಡುತ್ತಿದ್ದೆವು. ಹೊಚ್ಚ ಹೊಸ ಬೆಳ್ಳಿ ಕಾಲುಂಗುರ, ಹುಣಸೆಹಣ್ಣು ಹಚ್ಚಿ ಉಜ್ಜಿದ್ದು, ಜಗಲಿಯ ಅರೆಬೆಳಕಿನಲ್ಲೂ ಪಳಪಳ ಎನ್ನುತ್ತಿತ್ತು. ಊರಿನ ಮಿಕ್ಕ ಹೆಂಗಸರ ಉಂಗುರ ಸವೆದು, ಮಣ್ಣಾಗಿ, ಹೊಳಪು ಹೋಗಿದ್ದವು. ಮೇಲಾಗಿ ನೀರಿಗಿಳಿದ ಕೂಡಲೇ ಕಾಲ ಬುಡದಲ್ಲೇ ಪುರಿ ಎರಚಿದರೆ ಪುಡಿ ಮೀನುಗಳೆಲ್ಲ ಅಲ್ಲಿ ಮುತ್ತುತ್ತವೆ, ಅವನ್ನು ತಿನ್ನಲು ಬಾಳೆ ಮೀನು ಬರುತ್ತದೆ. ಎಲೆ ಹಾಕಿ ಊಟಕ್ಕೆ ಕರೆದು ಆಮೇಲೆ ಕಚ್ಚಿತು ಎಂದು ಅತ್ತ ಹಾಗಾಯಿತು. ನನಗಂತೂ ಸ್ವರ್ಗವೇ ಸಿಕ್ಕಷ್ಟು ಸಂತೋಷವಾಯಿತು. ಇಷ್ಟು ಸುಲಭದ ಸಮಸ್ಯೆಗೆ ಒಂದು ಹುಡುಗಿಯನ್ನು ಜಗಲಿಯಲ್ಲಿ ಕೂರಿಸಿದ್ದಾರಲ್ಲ ಎಂದು ನೇರವಾಗಿ ಸಣ್ಣಮ್ಮನ ಮುಂದೆ ಹೋಗಿ ನಿಂತೆ.

"ಏನೂ ಇಲ್ಲ ಕಣಮ್ಮ, ನೀರಿಗಿಳಿಯುವಾಗ ಅವಳ ಕಾಲುಂಗುರ ತೆಗೆಸಿಬಿಡಿ, ಸಾಕು" ಎಂದೆ.

ಹೊಸದಾಗಿ ಕೆಲಸಕ್ಕೆ ಸೇರುವವರು ದಯವಿಟ್ಟು ಈ ಜಾಗದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಮೀನಿನ ಬಗ್ಗೆ ಎಷ್ಟೇ ಓದಿರಿ, ದಡದಲ್ಲಿರುವ ಜನರ ಬಗ್ಗೆ ಒಂದಿಷ್ಟು ತಿಳಿಯದೆ ಬಾಯಿ ಬಿಡಬೇಡಿ. ನಾನು ಮದುವೆಯಾಗದ ಹುಡುಗ, ನನಗೆ ಕಾಲುಂಗುರ ಎಂದರೆ ಬೆಳ್ಳಿಯ ಒಂದು ತುಂಡು. ಗಂಡ ಸತ್ತಾಗ ಮಾತ್ರ ತೆಗೆಯುವ ವಸ್ತುವನ್ನು, ಮದುವೆಯಾಗಿ ತಿಂಗಳು ಕಳೆಯದ ಸೊಸೆಯ ಕಾಲಿಂದ ತೆಗೆಸು ಎಂದು ಗಂಡ ಕಳೆದುಕೊಂಡ ಹೆಂಗಸಿಗೆ ಹೇಳಿದ್ದೆ.

"ಯಾನಂದ್ಯೋ ನೀನು? ನನ್ ಮಗ ಕಲ್ಲುಗುಂಡಂಗ ಕುಂತವ್ನ, ಅವ್ನ್ ಎಡ್ತಿ ಕಾಲುಂಗ್ರ ತಗುದ್ಬುಡದಾ? ಓಗು, ಓಗ್ ಆಚ್ಗ!" ಎಂದು ಸಣ್ಣಮ್ಮ ಪೊರಕೆ ಹುಡುಕಲು ಒಳಗೆ ಹೋದಳು. ಅದು ಸಿಗುವ ಮೊದಲೇ ನಾವಿಬ್ಬರೂ ಸೈಕಲ್ಲಿನ ಹತ್ತಿರ ಇದ್ದೆವು. ಸಾಲಿಯಾನರು ಅವಳ ಟವೆಲನ್ನು ಹೊದ್ದುಕೊಂಡೇ ಬಂದಿದ್ದರು.

ಮೀನು ಹಿಡಿದುಬಿಡೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಗಂಗಮ್ಮನ ಮೆಟ್ಟಿಲಿನಿಂದ ಕಲ್ಲೆಸೆದಷ್ಟು ದೂರ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ, ಅದು ಊರಿನ ಕಟ್ಟು. ಉಂಗುರ ತೆಗೆಯುವಂತಿಲ್ಲ, ಮೀನು ಹಿಡಿಯುವಂತಿಲ್ಲ, ಮೂರನೆಯ ಸಲಕ್ಕೆ ಗೊತ್ತುಮಾಡಿದ್ದ ಶುಕ್ರವಾರ ಹತ್ತಿರ ಬರುತ್ತಿದೆ. ಆ ಹುಡುಗಿ ಅವರೆಕಾಯಿ ಸುಲಿಯುತ್ತಾ ಕೇಳಿದ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ಕಚ್ಚುವುದು ಉಂಗುರದ ಹೊಳಪನ್ನೇ ಹೊರತು ಆ ಹುಡುಗಿಯನ್ನಲ್ಲ ಎಂದು ಊರ ಕಣ್ಣಮುಂದೆ ತೋರಿಸಿಬಿಟ್ಟರೆ? ಅದಕ್ಕೆ ಇನ್ನೊಂದು ಕಾಲು ಬೇಕು. ಯಾರ ಹೆಂಡತಿಯ ಕಾಲನ್ನು ಕೇಳಲಿ? ನನ್ನದೇ ಇತ್ತು.

ಗುಂಡ್ಲುಪೇಟೆ ಪೇಟೆಬೀದಿಯಲ್ಲಿ ರಹೀಮ್ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ನನ್ನ ಮಡಕೆಗಳ ಜೊತೆಗಿದ್ದ ತಾಮ್ರದ ಹಂಡೆಗೂ ಅವರದೇ ಕಲಾಯಿ. ಹೋಗಿ, ತವರದಲ್ಲಿ ಎರಡು ಕಾಲುಂಗುರ ಮಾಡಿಕೊಡಿ, ಚೆನ್ನಾಗಿ ಹೊಳೆಯಬೇಕು ಎಂದೆ. ಸಾಬರ ಮುಖ ಅರಳಿತು. "ಶಾದಿ ಗೊತ್ತಾಯ್ತಾ ಸಾಬ್? ತವರ ಯಾಕೆ, ಬೆಳ್ಳಿದು ಮಾಡಿಸಿ. ಹುಡುಗಿ ಕಾಲು ಅಳತೆ ಎಷ್ಟು?"

ನಾನು ಚಪ್ಪಲಿ ಬಿಟ್ಟು ನನ್ನ ಕಾಲನ್ನು ಅವರ ಮುಂದೆ ಚಾಚಿದೆ. ಸಾಬರು ಕಾಲನ್ನು ನೋಡಿದರು, ನನ್ನ ಮುಖ ನೋಡಿದರು, ಒಲೆಯ ತಿದಿ ಒತ್ತುವುದನ್ನು ನಿಲ್ಲಿಸಿದರು. ವಿಷಯ ಪೂರ್ತಿ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಂಡು, ಕನ್ನಡಿಯ ಹಾಗೆ ಹೊಳೆಯುವ ಎರಡು ಉಂಗುರ ಮಾಡಿಕೊಟ್ಟರು. "ಆ ಹುಡುಗಿ ಮನೆ ಉಳೀಲಿ ಸಾಬ್. ಇದಕ್ಕೆ ಏನೂ ಬೇಡ" ಎಂದರು.

ಮಾರನೇ ಬೆಳಿಗ್ಗೆ ನಾನು ಪ್ಯಾಂಟು ಮೊಣಕಾಲಿಗೆ ಮಡಿಚಿ, ಕಾಲುಂಗುರ ತೊಟ್ಟು, ಗಂಗಮ್ಮನ ಮೆಟ್ಟಿಲಿನ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆ. ಊರಿನ ಕಟ್ಟು ಇದ್ದದ್ದು ಬಲೆಗೆ, ಗಾಳಕ್ಕೆ; ಕಾಲಿಗಲ್ಲ. ಕಾಲ ಬುಡಕ್ಕೆ ಪುರಿ ಎರಚಿದೆ. ಸುದ್ದಿ ಹಬ್ಬಿ ಊರಿಗೆ ಊರೇ ಏರಿ ಮೇಲೆ ನೆರೆಯಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ಇನಿಸ್ಪೆಟ್ರಮ್ಮ, ಕೈಗ ಬಳ ತೊಟ್ಕಬುಡಿ" ಎಂದು ಒಬ್ಬಳು ಕೂಗಿದಳು. ಪುಟ್ಟತಾಯಿ ಗುಂಪಿನಿಂದ ದೂರ ನಿಂತಿದ್ದಳು, ಅವಳೊಬ್ಬಳು ಮಾತ್ರ ನಗುತ್ತಿರಲಿಲ್ಲ.

ಬಹಳ ಹೊತ್ತು ಏನೂ ಆಗಲಿಲ್ಲ. ಪುಡಿ ಮೀನುಗಳು ಬಂದು ಕಾಲಿಗೆ ಕಚಗುಳಿ ಇಟ್ಟವು. ನೀರು ತಣ್ಣಗೆ ಕೊರೆಯುತ್ತಿತ್ತು. ನನಗೆ ಎರಡು ಭಯ, ಮೀನು ಕಚ್ಚಿಬಿಟ್ಟರೆ ಎಂದು ಒಂದು, ಕಚ್ಚದೆ ಹೋದರೆ ಎಂದು ಇನ್ನೊಂದು. ಎರಡನೆಯದೇ ದೊಡ್ಡದೆನಿಸತೊಡಗಿದಾಗ ಪುಡಿ ಮೀನುಗಳೆಲ್ಲ ಒಮ್ಮೆಲೇ ಚದುರಿದವು. ನೀರಿನಡಿ ಬೂದುಬಣ್ಣದ ಏನೋ ಒಂದು ತಿರುಗಿತು. ಮರುಕ್ಷಣ ಯಾರೋ ಅರ ಹಾಕಿ ಬೆರಳನ್ನು ಎಳೆದಂತಾಯಿತು. "ಅಯ್ಯಯ್ಯಮ್ಮಾ!" ಎಂದು ನಾನು ಹಾಕಿದ ಕೂಗು ಸಣ್ಣಮ್ಮನ ಗಂಟಲಿಗೇನೂ ಕಡಿಮೆ ಇರಲಿಲ್ಲ. ಕಾಲು ಎತ್ತಿದರೆ ರಕ್ತ ಸುರಿಯುತ್ತಿತ್ತು. ಅಷ್ಟು ನೋವಿನಲ್ಲೂ ಗೆದ್ದೆ ಎಂದು ಕುಣಿಯುವಂತಾಗಿ ಊರವರತ್ತ ಕಾಲು ಎತ್ತಿ ಹಿಡಿದೆ. "ನೋಡಿ! ನನಗೂ ಕಚ್ಚಿತು! ಈಗೇನು ಹೇಳ್ತೀರಿ?"

ಹೇಳಿದವಳು ಸಣ್ಣಮ್ಮ. ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ಗಂಡ್ಸಾಗಿ ಕಾಲುಂಗ್ರ ಇಕ್ಕಂಡು ಬಂದು ಅವ್ಳ್ ಮೆಟ್ಲ್ ಮ್ಯಾಲ ಕುಂತ್ಕಂಡ್ರ, ಗಂಗಮ್ಮ ಕಚ್ಚದಿಯ ಮುತ್ತಿಕ್ಕಾಳ?"

ಊರೆಲ್ಲ ಹೌದು ಹೌದು ಎಂದಿತು. ಇಲಾಖೆ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಜನ ನಗುತ್ತಾ ಚದುರಿದರು. ನಾನು ಕುಂಟುತ್ತಾ ಸಣ್ಣಮ್ಮನ ಹಿಂದೆಯೇ ಹೋಗಿ ಕೊನೆಯದಾಗಿ ಬೇಡಿಕೊಂಡೆ: "ತೆಗೆಸಬೇಡಿ ಕಣಮ್ಮ, ತೆಗೆಸಿ ಅಂದದ್ದು ನನ್ನ ತಪ್ಪು. ಅದರ ಹೊಳಪಾದರೂ ಕಾಣದಂತೆ ಮಾಡಿ. ಹೊಳಪು ಕಂಡರೇ ಅದು ಬರೋದು. ನೋಡಿದಿರಲ್ಲ, ಕಚ್ಚಿ ಹಾಗೇ ಬಿಟ್ಟು ಹೋಯಿತು." ಅವಳು ನನ್ನ ಕಾಲಿನ ಗಾಯವನ್ನು ಒಂದು ಸಲ ನೋಡಿದಳು. "ಅದ್ಕ ಒಸಿ ಸುಣ್ಣ ಅಚ್ಕೊ, ಓಗು" ಎಂದು ಬಾಗಿಲು ಹಾಕಿಕೊಂಡಳು.

ಶುಕ್ರವಾರ ನಾನು ಹೋಗಬಾರದೆಂದೇ ಇದ್ದೆ. ಆ ಹುಡುಗಿ ಅಳುತ್ತಾ ಕುದೇರಿನ ಬಸ್ಸು ಹತ್ತುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಸಾಲಿಯಾನರು ಬಿಡಲಿಲ್ಲ, ಟವೆಲ್ ವಾಪಸು ಕೊಡಬೇಕೆಂದು ಎಳೆದುಕೊಂಡು ಹೊರಟರು. ನಾವು ಏರಿ ಮೇಲೆ ಒಂದು ಮರದ ಮರೆಯಲ್ಲಿ ನಿಂತೆವು. ತಮಟೆಯವರು ತಮಟೆ ಕಾಯಿಸಿಕೊಂಡು ಸುಮ್ಮನೆ ನಿಂತಿದ್ದರು. ನಂಜುಂಡ ಕೆರೆಯತ್ತ ನೋಡಲಾರದೆ ಬೆನ್ನು ತಿರುಗಿಸಿದ್ದ.

ಪುಟ್ಟತಾಯಿ ಹೊಸ ಮಡಕೆ ಹಿಡಿದು ಬಂದಳು. ಅವಳ ಎರಡು ಪಾದಕ್ಕೂ ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ ದಪ್ಪಗೆ, ಗೋಡೆಗೆ ಮೆತ್ತಿದ ಮಣ್ಣಿನಂತೆ ಬಳಿದಿತ್ತು. ಬೆರಳು ಯಾವುದು, ಉಂಗುರ ಯಾವುದು, ಒಂದೂ ಕಾಣುತ್ತಿರಲಿಲ್ಲ. ಮದುವೆಯಾದ ಹೆಣ್ಣು ಕಾಲಿಗೆ ಅರಿಶಿನ ಹಚ್ಚಿದರೆ ಯಾರು ಏನೆಂದಾರು? ನಾನು ಸಾಲಿಯಾನರ ಕೈ ಹಿಡಿದುಕೊಂಡೆ. ಹುಡುಗಿ ಗಟ್ಟಿ ಎಂದುಕೊಂಡೆ.

ಅವಳು ಮೊಣಕಾಲು ನೀರಿಗಿಳಿದು ಪುರಿಯ ಮೊರಕ್ಕೆ ಕೈಹಾಕಿದಳು. ಹಿಂದಿನಿಂದ ಸಣ್ಣಮ್ಮ ಎರಡು ಬೀದಿಗೆ ಕೇಳುವಂತೆ ಗದರಿದಳು: "ಕಾಲ್ ಬುಡುಕ್ ಯಾಕ್ ಸುರ್ದೀಯಮ್ಮಿ? ಗಂಗಮ್ಮ ಇರದು ಕೆರ ನಡುವ. ದೂರುಕ್ಕ ಎಸಿ! ಇನ್ನೂ ದೂರುಕ್ಕ!" ಪುಟ್ಟತಾಯಿ ಮೊರವನ್ನೇ ಬೀಸಿ ಎಸೆದಳು. ಪುರಿ ದೂರ ಹೋಗಿ ಬಿತ್ತು. ಪುಡಿ ಮೀನುಗಳು ಅತ್ತ ಓಡಿದವು, ಸ್ವಲ್ಪ ಹೊತ್ತಿನಲ್ಲಿ ಅಲ್ಲೇ ನೀರು ಧಬ್ ಎಂದು ಒಡೆಯಿತು, ದೊಡ್ಡದೊಂದು ಬಾಲ ಬಡಿದು ಮುಳುಗಿತು. ಜನ ಕೈಮುಗಿದರು. ಅಷ್ಟರಲ್ಲಿ ಮಡಕೆ ತುಂಬಿತ್ತು. ಪುಟ್ಟತಾಯಿ ಅದನ್ನು ತಲೆಗೇರಿಸಿಕೊಂಡು, ಒಂದು ಹನಿ ಚೆಲ್ಲದೆ, ಮೆಟ್ಟಿಲು ಹತ್ತಿ ಬಂದಳು. ತಮಟೆಗೆ ಏಟು ಬಿದ್ದಿತು. ಸಾಲಿಯಾನರು ಟವೆಲ್ಲಿನಲ್ಲೇ ಕಣ್ಣೊರೆಸಿಕೊಂಡರು. ನಾನಂತೂ ಮುಚ್ಚಿಡದೆ ಅತ್ತೆ.

ಮನೆಯ ಮುಂದೆ ಎಲ್ಲರಿಗೂ ಆ ನೀರನ್ನು ಹಂಚುತ್ತಿದ್ದರು. ನಮ್ಮನ್ನು ಕಂಡ ಸಣ್ಣಮ್ಮ ತಾನೇ ಲೋಟ ಹಿಡಿದು ಬಂದಳು. ಬರುತ್ತಲೇ ಊರಿಗೆ ಕೇಳುವಂತೆ ಶುರು ಮಾಡಿದಳು: "ನೋಡ್ದಾ ಇನಿಸ್ಪೆಟ್ರೇ? ಮೀನಂತ, ಬಾಳಂತ! ಗಂಗಮ್ಮ ಒಪ್ಕಂಡ್ಳೋ ಇಲ್ವೋ?" ನಾನು ತಲೆ ತಗ್ಗಿಸಿ ಲೋಟಕ್ಕೆ ಕೈ ಚಾಚಿದೆ. ಅವಳ ಎರಡು ಅಂಗೈಯೂ ಮಣಿಕಟ್ಟಿನವರೆಗೆ ಹಳದಿಯಾಗಿದ್ದವು. ಉಗುರಿನ ಸಂದಿಯಲ್ಲೆಲ್ಲ ಅರಿಶಿನ, ಗಪ್ಪೆಂದು ಹರಳೆಣ್ಣೆಯ ವಾಸನೆ. ಸೊಸೆಯ ಕಾಲಿಗೆ ಬಳಿದವರು ಯಾರೆಂದು ಆಗ ನನಗೆ ಗೊತ್ತಾಯಿತು.

ಅವಳು ಹತ್ತಿರ ಬಂದು, ನಾನು ಅವಳ ಬಾಯಲ್ಲಿ ಅದುವರೆಗೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದಳು: "ಮೀನು ಅಂದ್ಬುಟ್ಟಿದ್ರ, ಗಂಗಮ್ಮ ಬ್ಯಾಡಂದವ್ಳ್ನ ಅತ್ತೇನೇ ಮುಚ್ಚಾಕಂಡ್ಳು ಅಂತ ಈ ಊರು ಅವ್ಳ್ ಸಾಯಗಂಟ ಆಡ್ಕತಿತ್ತು. ಈಗ ಆಡ್ಲಿ ನೋಡಂವ್."

ನಾನು ಲೋಟ ಮರೆತು ಅವಳ ಹಳದಿ ಕೈಯನ್ನೇ ನೋಡುತ್ತಿದ್ದೆ. ಸಣ್ಣಮ್ಮ ಮತ್ತೆ ಎರಡು ಬೀದಿಗೂ ಕೇಳುವಂತೆ ಗದರಿದಳು: "ಯಾನ್ ಬಾಯ್ ಬುಟ್ಕಂಡು ನೋಡೀಯೆ? ಕುಡಿ. ನನ್ ಸೊಸ ತಂದಿರ ನೀರು."